ಅಂಬಿಗನ ಕನ್ನಡಕ

ಕರಡಣ್ಣನ ಅಮ್ಮ ಸಿನಿಮಾ ನೋಡಿ ಬಂದವಳು ಊಟ ಬಿಟ್ಟಿದ್ದೇ ಎಲ್ಲಕ್ಕೂ ಮೂಲ.

"ಅಂಬಿಗ ವಾಪಸ್ ಬರ್ಲೇ ಇಲ್ವಲ್ಲೋ! ಖಾಲಿ ದೋಣಿ ತೋರಿಸಿ ದೀಪ ಹಾಕ್ಬಿಟ್ರು," ಎಂದು ಬೆಳಗ್ಗೆಯೂ ತಟ್ಟೆ ಸರಿಸಿದಳು. ಎಂಬತ್ತೆರಡರ ಜೀವ.

ಆ ಸಿನಿಮಾದ ಮೂಲ ಕಾದಂಬರಿ ಅವರಿಗೆ ಮನೆಯವರಲ್ಲೊಬ್ಬರಿದ್ದ ಹಾಗೆ. ಅಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಪುಸ್ತಕ ಅಚ್ಚಾಗಿದ್ದೂ ಅಲ್ಲೇ. ಮೊದಲ ಪ್ರತಿಯನ್ನು ತಾವೇ ಹೊಲಿದು ಹೆಂಡತಿಗೆ ತಂದುಕೊಟ್ಟಿದ್ದರು. ಕರಡಣ್ಣನಿಗೆ ಚಿಕ್ಕಂದಿನಲ್ಲಿ ಜ್ವರ ಬಂದರೆ ಔಷಧಿಯ ಜೊತೆ ಅದರದೇ ನಾಲ್ಕು ಪುಟ. ಕೊನೆಗೆ ಅಂಬಿಗ ನೆರೆಯಿಂದ ಪಾರಾಗಿ, ತೊಯ್ದು ತೊಪ್ಪೆಯಾಗಿ ಬಂದು, "ನನ್ನ ಕನ್ನಡಕ ಎಲ್ಲಿಟ್ಟೆ?" ಎಂದು ಹೆಂಡತಿಯನ್ನು ಕೇಳುವಾಗ ತಾಯಿ ಮಗ ಇಬ್ಬರೂ ನಗುತ್ತಲೇ ಅಳುತ್ತಿದ್ದರು.

"ಆ ನಿರ್ದೇಶಕೀನ ಸುಮ್ನೆ ಬಿಡೋಲ್ಲ. ನೀನು ಊಟ ಮಾಡಮ್ಮ."

"ಮೊದ್ಲು ತಪ್ಪು ಒಪ್ಪಿಸ್ಕೊಂಡು ಬಾ. ಆಮೇಲೆ ಊಟ."

ಕರಡಣ್ಣನಿಗೆ ಪತ್ರಿಕೆಯಲ್ಲಿ ಮೂವತ್ತು ವರ್ಷದಿಂದ ಕರಡು ತಿದ್ದುವ ಕೆಲಸ. ಹೆಸರು ಬಂದದ್ದೂ ಹಾಗೇ. ಮದುವೆಯ ಕರೆಯೋಲೆ ಕೊಟ್ಟರೂ ಮೊದಲು ಪೆನ್ನು ತೆಗೆಯುವ ಆಸಾಮಿ. ನಿರ್ದೇಶಕಿ ಸಂದರ್ಶನಕ್ಕೆಂದು ಅಂದೇ ಮೂರು ಗಂಟೆಗೆ ಕಚೇರಿಗೆ ಬರುತ್ತಾಳೆಂದು ಕ್ರೈಂ ವರದಿಗಾರ ಹೇಳಿದ್ದೇ ತಡ, ಅವನ ಮೈಯೆಲ್ಲ ಉರಿಯಿತು.

"ಸಾಕ್ಷಿ ಸಮೇತ ಹಿಡೀರಿ ಅಣ್ಣಾ! ಪುಸ್ತಕ ತಂದು ಮುಖಕ್ಕೆ ಹಿಡೀರಿ!" ವರದಿಗಾರ ತುಪ್ಪ ಸುರಿದ.

ಕರಡಣ್ಣ ಮನೆಗೆ ಓಡಿದ. ಪುಸ್ತಕ ಹಿಡಿದು ಹಿಂದಿರುಗುವಾಗ ಕಚೇರಿಯ ಮೆಟ್ಟಿಲಲ್ಲಿ ಚಪ್ಪಲಿ ಕಿತ್ತುಹೋಯಿತು. ಕಿತ್ತದ್ದು ಒಂದು ಕೈಯಲ್ಲಿ, ಪುಸ್ತಕ ಇನ್ನೊಂದರಲ್ಲಿ, ಏದುಸಿರು ಬಿಡುತ್ತ ಒಳಗೆ ನುಗ್ಗಿದವನನ್ನು ನೋಡಿ ನಿರ್ದೇಶಕಿ ಕುರ್ಚಿಯ ಹಿಂದೆ ಸರಿದಳು. ನಾಲ್ವರು ಅವನ ಕೈ ಹಿಡಿದುಕೊಂಡರು.

"ಬಿಡ್ರೋ, ಹೊಡೆಯೋಕೆ ಬಂದಿಲ್ಲ, ಓದೋಕೆ ಬಂದಿದ್ದೀನಿ!" ಎಂದು ಕೊಸರಿಕೊಂಡು, ಕೊನೆಯ ಪುಟವನ್ನು ಗಟ್ಟಿಯಾಗಿ ಓದಿದ.

ನಿರ್ದೇಶಕಿ ಹುಬ್ಬೇರಿಸಿದಳು. "ಇನ್ನೂರು ಪುಟದಲ್ಲಿ ಎಲ್ಲೂ ಇಲ್ಲದ ಕನ್ನಡಕ ಕೊನೇಲಿ ಅಂಬಿಗನಿಗೆ ಎಲ್ಲಿಂದ ಬಂತು ಸರ್?"

ತನ್ನ ಚೀಲದಿಂದ ಸೀಸದಕಡ್ಡಿಯ ಗೀಟುಗಳೇ ತುಂಬಿದ್ದ ಪ್ರತಿ ತೆಗೆದಳು. ಅದು ಮುಗಿದದ್ದು ಖಾಲಿ ದೋಣಿಯಲ್ಲಿ. ಅದೇ ಪುಸ್ತಕ, ಅದೇ ಅಚ್ಚುಕೂಟ, ಅದೇ ವರ್ಷ.

ಅಚ್ಚುಕೂಟದ ಹಳೆಯ ಫೋರ್‌ಮನ್ ಒಬ್ಬರು ನಿವೃತ್ತರಾದರೂ ಅಭ್ಯಾಸ ಬಿಡದೆ ದಿನವೂ ಈ ಕಚೇರಿಗೆ ಬಂದು ಮೂಲೆಯಲ್ಲಿ ಪೇಪರ್ ಓದುತ್ತಿದ್ದರು. ಎದ್ದು ಬಂದು, ಕರಡಣ್ಣನ ಪುಸ್ತಕದ ಹಾಳೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಕಡೇ ಎಂಟು ಪುಟದ ಮೊಳೇನೇ ಬೇರೆ ಕಣಯ್ಯ. ಇದು ನಿಮ್ಮಪ್ಪಂದು. ಆಗ ನಿಮ್ಮಮ್ಮನ ತಮ್ಮ ಹೊಳೆ ಪಾಲಾಗಿ ಮೂರು ತಿಂಗಳೂ ಆಗಿರ್ಲಿಲ್ಲ. ಈ ಖಾಲಿ ದೋಣೀನ ಮನೆಗೆ ಹ್ಯಾಗೆ ತಗೊಂಡು ಹೋಗ್ಲಿ ಅಂತ ಕೂತ. ಹೊಸ ಕೊನೆ ತಾನೇ ಬರೆದು, ತಾನೇ ಮೊಳೆ ಜೋಡಿಸಿ, ಒಂದೇ ಒಂದು ಪ್ರತಿ ತೆಗೆದ. ಅವಳಿಗೆ ಗೊತ್ತಾಗಬಾರ್ದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದ."

ಹಣೆಯ ಮೇಲೆಯೇ ಇದ್ದ ಕನ್ನಡಕಕ್ಕಾಗಿ ದಿನಾ ಬೆಳಗ್ಗೆ ಮನೆಯೆಲ್ಲ ತಡಕಾಡುತ್ತಿದ್ದ ಅಪ್ಪ ಕರಡಣ್ಣನ ಕಣ್ಣಿಗೆ ಕಟ್ಟಿದರು. ಊರವರ ತಪ್ಪೆಲ್ಲ ಹುಡುಕಿದವನಿಗೆ ಅಪ್ಪನ ಈ ಎಂಟು ಪುಟ ಕಂಡಿರಲಿಲ್ಲ. ಅವನಿಗೆ ಅಳು ಬಂತು, ಎಲ್ಲರೆದುರೇ ಅತ್ತ.

"ನೀವು ಒಂದಕ್ಷರ ಬಿಡದೆ ಸಿನಿಮಾ ಮಾಡಿದ್ದೀರಿ ತಾಯಿ. ತಪ್ಪು ನಂದು," ಎಂದು ಕೈ ಮುಗಿದ.

"ಇದು ಗೊತ್ತಿದ್ದಿದ್ರೆ ನಾನೂ ಹೀಗೇ ಮುಗಿಸ್ತಿದ್ದೆ ಸರ್," ಎಂದು ನಿರ್ದೇಶಕಿ ಕಣ್ಣೊರೆಸಿಕೊಂಡಳು. ಒಂದು ಏಟೂ ಬೀಳಲಿಲ್ಲವಲ್ಲ ಎಂದು ವರದಿಗಾರನ ಮುಖ ಬಾಡಿತು.

ಸಂಜೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಬೆಳಗಿನ ತಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

"ಏನಂದ್ಲೋ?"

ನಿಜ ನಾಲಿಗೆಯ ತುದಿಗೆ ಬಂದು ನಿಂತಿತು. ಕರಡಣ್ಣ ನುಂಗಿಕೊಂಡ. "ತಪ್ಪಾಯ್ತಂತೆ ಅಮ್ಮ. ಕೊನೇ ಪುಟ ಓದೋದೇ ಮರೆತಿದ್ಲಂತೆ."

"ನಾನು ಹೇಳ್ಲಿಲ್ವಾ?" ಅಮ್ಮ ತಟ್ಟೆ ಎಳೆದುಕೊಂಡಳು, ಕೇಳಿ ಕೇಳಿ ಬಡಿಸಿಕೊಂಡು ಉಂಡಳು. ಕೈ ತೊಳೆದವಳೇ, "ಬಾಯಿಮಾತು ಸಾಲ್ದು. ಪೆನ್ನು ತಗೋ, ಅವಳಿಗೊಂದು ಕಾಗದ ಬರಿ," ಎಂದಳು.

ಅವಳು ಹೇಳುತ್ತ ಹೋದಳು. ಕರಡಣ್ಣ ಬರೆಯುತ್ತ ಹೋದ: "ಇನ್ನು ಮೇಲೆ ಪುಸ್ತಕ ಪೂರ್ತಿ ಓದಿ ಸಿನಿಮಾ ಮಾಡಿ. ತಿಳಿಯದಿದ್ದರೆ ನನ್ನ ಮಗನನ್ನು ಕೇಳಿ. ಅಚ್ಚಿನಲ್ಲಿ ಯಾರು ಏನು ಮಾಡಿದ್ದರೂ ಅವನ ಕಣ್ಣಿಗೆ ಬೀಳದೆ ಇರುವುದಿಲ್ಲ."

"ಕೆಳಗೆ ಸಾಕ್ಷಿಗೆ ನಿನ್ನ ಸಹೀನೂ ಹಾಕು," ಎಂದಳು ಅಮ್ಮ. ಹಾಕಿದ.