ಹನ್ನೊಂದನೆಯ ಫೈಲಿನ ಉದ್ದನೆಯ ಹೆಸರು

ಈ ಪ್ರಪಂಚದಲ್ಲಿ ನನ್ನ ಭಾವ ಲೇಬಲ್ ಅಂಟಿಸದೆ ಬಿಟ್ಟಿರುವ ವಸ್ತು ಒಂದೇ, ಅದು ನಾನು. ಅದೂ ಎಷ್ಟು ದಿನವೋ!

ನಾಸಿಕ್‌ನಲ್ಲಿ ನಲವತ್ತು ವರ್ಷ ಉಡುಪಿ ಹೋಟೆಲ್ ನಡೆಸಿದವರು. ಡಬ್ಬಿಯ ಮೇಲೆ ‘ಸಾಂಬಾರ್ ಪುಡಿ’ ಎಂದಷ್ಟೇ ಬರೆದರೆ ಅವರಿಗೆ ಸಮಾಧಾನವಿಲ್ಲ. ‘ಸಾಂಬಾರ್ ಪುಡಿ, ಮಂಗಳವಾರ ಹುರಿದದ್ದು, ಕೊತ್ತಂಬರಿ ಸ್ವಲ್ಪ ಕಪ್ಪಾಗಿದೆ, ತಪ್ಪು ನನ್ನದೇ’ ಎಂದು ಬರೆಯಬೇಕು. ಪ್ಯೂರ್ ಕನ್ಫೆಷನ್! ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ನೋಡಿದ್ದರೆ ಆನಂದದಿಂದ ಅತ್ತೇಬಿಡುತ್ತಿದ್ದರು.

ಅಕ್ಕ ಹೋಗಿ ವರ್ಷವಾಯಿತು. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ಅವಳು ಹಾಡಿಕೊಳ್ಳುತ್ತಿದ್ದುದನ್ನು ಭಾವ ಕದ್ದು ಟೇಪ್ ಮಾಡಿಟ್ಟಿದ್ದರು. ಟೇಪುಗಳಿಗೆ ಬೂಷ್ಟು ಹಿಡಿದು, ಅಂಗಡಿಯವನ ಕೈಯಲ್ಲಿ ಬದುಕುಳಿದು ಕಂಪ್ಯೂಟರಿಗೆ ಬಂದದ್ದು ಹನ್ನೊಂದೇ ಫೈಲು. ಅದರದೊಂದು ಕಾಪಿ ನನಗೂ ಬೇಕಿತ್ತು. ನನ್ನ ಕಾರೋ, ನನ್ನ ಹಾಗೇ ಓಲ್ಡ್ ಮಾಡೆಲ್. ಸಿಡಿ ಬಿಟ್ಟು ಬೇರೇನನ್ನೂ ನುಂಗುವುದಿಲ್ಲ.

“ಬಾ ಮಾರಾಯ್ತಿ, ಹತ್ತು ನಿಮಿಷದ ಕೆಲಸ” ಎಂದರು ಫೋನಿನಲ್ಲಿ. ಸಂಭಾಜಿನಗರದಿಂದ ಹೋದೆ. ಆ ಹತ್ತು ನಿಮಿಷ ನಾಲ್ಕು ದಿನ ನಡೆಯಿತು!

ಆದದ್ದಿಷ್ಟೇ. ಡಬ್ಬಿಗಳಿಗೆ ಬರೆದ ಹಾಗೆಯೇ ಫೈಲುಗಳಿಗೂ ಹೆಸರಿಟ್ಟಿದ್ದರು. ‘ದೇವರ ಹಾಡು, ಹಿಟ್ಟು ರುಬ್ಬುವಾಗ, ನಡುವೆ ಹಾಲು ಉಕ್ಕಿದ್ದರಿಂದ ಎರಡನೇ ಚರಣ ಇಲ್ಲ’. ಕಂಪ್ಯೂಟರು ಓದಿ ನೋಡಿತು, ಹೆಸರು ತುಂಬಾ ಉದ್ದ ಎಂದಿತು, ಸಿಡಿಯನ್ನು ಉಗುಳಿತು. ಇನ್ನೊಂದಕ್ಕೆ ‘ಇದು ಶ್ರಾವಣವೋ ಭಾದ್ರಪದವೋ?’ ಎಂದು ಬರೆಯಹೋದರೆ ಪ್ರಶ್ನಾರ್ಥಕ ಚಿಹ್ನೆ ನಡೆಯುವುದಿಲ್ಲ ಎಂದಿತು.

“ಪ್ರಶ್ನೆಯೇ ಕೇಳಬಾರದಂತೆ! ಎಂತ ಅಹಂಕಾರ ನೋಡು ಇದಕ್ಕೆ” ಎಂದು ಭಾವ ಸಿಟ್ಟಾದರು.

ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಹಚ್ಚಿದರು. “ಕಾಕಾ, ನಾವ್ ಛೋಟಂ ಕರಾ” ಎಂದ ಅವನು. ಹೆಸರು ಚಿಕ್ಕದು ಮಾಡಿ, ಅಷ್ಟೇ.

ಭಾವ ಫೋನ್ ಇಟ್ಟು ನನ್ನ ಕಡೆ ತಿರುಗಿದರು. “ಕತ್ತರಿಸಬೇಕಂತೆ. ಹೇಳ್ಲಿಕ್ಕೆ ಇವನಿಗೇನು? ಹಾಲು ಉಕ್ಕಿದ್ದು ಇವನ ಮನೆಯಲ್ಲಾ?”

“ಭಾವ, ಬಿ ಪ್ರಾಕ್ಟಿಕಲ್. ಒಂದು, ಎರಡು, ಮೂರು ಅಂತ ನಂಬರ್ ಕೊಡಿ.”

“ನಂಬರ್ ಹೋಟೆಲಿನ ಟೇಬಲ್ಲಿಗೆ ಕೊಡೋದು. ನಿನ್ನ ಅಕ್ಕನಿಗಲ್ಲ.”

ಕೊನೆಗೆ ಕತ್ತರಿಸಲು ಕೂತರು. ಒಂದೊಂದು ಪದವನ್ನೂ ಹಲ್ಲು ಕೀಳಿಸಿಕೊಂಡವರ ಮುಖ ಮಾಡಿ ಅಳಿಸಿದರು. ‘ಸ್ವಲ್ಪ’ ತೆಗೆಯಲು ಒಂದು ಕಾಫಿ, ‘ಬಹುಶಃ’ ತೆಗೆಯಲು ಇನ್ನೊಂದು! ಹಾಳಾದ ಸಿಡಿಗಳನ್ನು ಬಾಲ್ಕನಿಯಲ್ಲಿ ದಾರ ಕಟ್ಟಿ ತೂಗಿಬಿಟ್ಟರು, ಪಾರಿವಾಳ ಹೆದರಲೆಂದು. ಪಾರಿವಾಳಗಳು ಅವುಗಳಲ್ಲಿ ಮುಖ ನೋಡಿಕೊಂಡು ಸಂಸಾರ ಹೂಡಿದವು.

ಮೂರನೆಯ ದಿನಕ್ಕೆ ಹತ್ತು ಫೈಲು ದಾರಿಗೆ ಬಂದವು. ಹನ್ನೊಂದನೆಯದು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಅದರ ಹೆಸರೇ ಎಲ್ಲಕ್ಕಿಂತ ಉದ್ದ. ಪರದೆಯ ಮೇಲೆ ಮೊದಲ ಎರಡು ಪದ ಮಾತ್ರ ಕಾಣುತ್ತಿತ್ತು: ‘ಹಾಡು ಇಲ್ಲ’. ಉಳಿದದ್ದು ಬರೀ ಚುಕ್ಕಿ. ನೋಡಿದರೆ ಎಂಟು ಸೆಕೆಂಡಿನ ಫೈಲು.

“ಹಾಡೇ ಇಲ್ಲವಲ್ಲ ಭಾವ! ಡಿಲೀಟ್ ಮಾಡಿ, ಪೀಡೆ ತೊಲಗಲಿ.”

ಭಾವ ಕನ್ನಡಕ ತೆಗೆದು ಒರೆಸಿದರು. ಎದ್ದು ಒಳಗೆ ಹೋದರು. ಕಾಫಿ ತರುತ್ತಾರೆಂದು ಕಾದೆ, ಬರಲಿಲ್ಲ.

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಸಿಡಿ ಸಿದ್ಧವಿತ್ತು. ಒಂದರಿಂದ ಹನ್ನೊಂದರವರೆಗೆ ಬರೀ ನಂಬರು! ಅಂತೂ ಸೆನ್ಸ್ ಬಂತು ಎಂದುಕೊಂಡೆ. ಜೊತೆಗೊಂದು ದಪ್ಪ ಲಕೋಟೆ.

“ಇದೆಂತದು?”

“ಕಂಪ್ಯೂಟರು ಬೇಡ ಅಂದದ್ದು” ಎಂದರು. “ಕಾಗದ ಎಂತದೂ ಬೇಡ ಅನ್ನುವುದಿಲ್ಲ.”

ನಾನು ಕಾರು ಓಡಿಸುವ ವೇಗಕ್ಕೆ ಟ್ರ್ಯಾಕ್ಟರಿನವರೂ ಹಾರ್ನ್ ಹೊಡೆದು ಮುಂದೆ ಹೋಗುತ್ತಾರೆ. ವಾಪಸು ಬರುವ ದಾರಿಯಲ್ಲಿ ಯೇವಲಾ ದಾಟುವಷ್ಟರಲ್ಲಿ ಅಕ್ಕ ಹತ್ತೂ ಹಾಡು ಹಾಡಿ ಮುಗಿಸಿದ್ದಳು. ಹನ್ನೊಂದನೆಯದು ಶುರುವಾಯಿತು. ಪಾತ್ರೆಯ ಸದ್ದು. ಆಮೇಲೆ ಅವಳು:

“ಹೋಯ್...”

ಸ್ವಲ್ಪ ಹೊತ್ತು ಏನೂ ಇಲ್ಲ.

“ಹೋಯ್, ಕೇಳ್ತದಾ? ಕಾಫಿ ಆರ್ತಾ ಉಂಟು.”

ಅಷ್ಟೇ. ಕಾರನ್ನು ಬೇವಿನ ಮರದಡಿ ನಿಲ್ಲಿಸಿ ಲಕೋಟೆ ಒಡೆದೆ. ಹನ್ನೊಂದು ಹಾಳೆ, ಹನ್ನೊಂದು ಲೇಬಲ್, ಒಂದು ಪದವೂ ಕತ್ತರಿಸದೆ. ಕೊನೆಯ ಹಾಳೆಯಲ್ಲಿ ಹೀಗಿತ್ತು: ‘ಹಾಡು ಇಲ್ಲ. ಅವಳು ನನ್ನನ್ನು ಕರೆದದ್ದು. ಎರಡು ಸಲ ಕರೆದಳು. ಮೊದಲನೇ ಸಲ ಕೇಳಿಸಿತ್ತು, ಆದರೂ ಓಗೊಡಲಿಲ್ಲ. ಇನ್ನೊಮ್ಮೆ ಕರೆಯಲಿ ಎಂದು ಸುಮ್ಮನಿದ್ದೆ. ತಪ್ಪು ನನ್ನದೇ.’

ಮತ್ತೆ ಹಾಕಿದೆ. ಪಾತ್ರೆಯ ಸದ್ದಾಯಿತು. ಅಕ್ಕ “ಹೋಯ್” ಎಂದಳು.

ಭಾವನ ಪರವಾಗಿ, ಮೊದಲನೇ ಕರೆಗೇ, “ಓ” ಎಂದೆ.