ಜರಿ ಪೇಟ, ಹಸಿರು ಬಾವುಟ

ಜೀವಮಾನವೆಲ್ಲ ರೈಲ್ವೆಯಲ್ಲಿ ದುಡಿದ ನಾನು ರೈಲು ಹತ್ತಿದ್ದು ಬಹಳ ಅಪರೂಪ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಮಿಠಾಯಿ ಅಂಗಡಿಯವನು ಮಿಠಾಯಿ ತಿನ್ನುವುದಿಲ್ಲ ಎಂದರೆ ನಂಬುವ ಜನ, ಸ್ಟೇಷನ್ ಮಾಸ್ಟರು ಎಲ್ಲಿಗೂ ಹೋಗುವುದಿಲ್ಲ ಎಂದರೆ ಮಾತ್ರ ನಂಬುವುದಿಲ್ಲ. ‘ನಿಮಗೇನು ಬಿಡಿ ಸ್ವಾಮಿ, ಮನೆ ಮುಂದೆ ರೈಲು, ಜೇಬಿನಲ್ಲಿ ಪಾಸು’ ಎಂದು ಹೊಟ್ಟೆ ಉರಿಸಿಕೊಳ್ಳುತ್ತಾರೆ. ಪಾಸು ಇತ್ತು, ಇಲ್ಲವೆನ್ನಲಾರೆ. ಕಾಶಿಯವರೆಗೂ ಬಿಟ್ಟಿಯಾಗಿ ಹೋಗಿ ಬರಬಹುದಾಗಿತ್ತು. ಆದರೆ ಹೋಗಬೇಕಾದರೆ ರಜ ಬೇಕು. ರಜ ಸಿಗಬೇಕಾದರೆ ನಮ್ಮ ಜಾಗದಲ್ಲಿ ಕೂರಲು ಬದಲಿ ಮಾಸ್ಟರು ಬರಬೇಕು. ಈ ಬದಲಿ ಮಾಸ್ಟರು ಎನ್ನುವವರು ಇದ್ದಾರೆ ಎಂದು ಇಲಾಖೆ ಹೇಳುತ್ತಿತ್ತು, ನಾವು ನಂಬುತ್ತಿದ್ದೆವು. ಕಣ್ಣಾರೆ ಕಂಡವರು ಮಾತ್ರ ಕಡಿಮೆ. ಹಸುವನ್ನು ಗೂಟಕ್ಕೆ ಬಿಗಿದು ‘ಊರೆಲ್ಲ ಮೇಯ್ದು ಬಾರಮ್ಮ’ ಎಂದ ಹಾಗಿತ್ತು ನಮ್ಮ ಪಾಡು.

ಬಂಗಾರಪೇಟೆಯಲ್ಲಿ ಕವಲೊಡೆದು, ಚಿನ್ನದ ಗಣಿಗಳನ್ನು ಹಾದು, ಮಾರಿಕುಪ್ಪಂನಲ್ಲಿ ಮುಗಿದುಹೋಗುವ ಹಳಿಯ ಮೇಲಿನ ಒಂದು ಸಣ್ಣ ಸ್ಟೇಷನ್ನಿಗೆ ನಾನು ಒಡೆಯ. ಐವತ್ತರ ದಶಕದ ಮಾತು. ರೈಲು ತಡವಾದರೆ ಕನ್ನಡದವರು, ತಮಿಳಿನವರು, ತೆಲುಗಿನವರು ಅವರವರ ಭಾಷೆಯಲ್ಲಿ ನನ್ನನ್ನೇ ಬೈಯುತ್ತಿದ್ದರು. ಮೂರೂ ನನಗೆ ಚೆನ್ನಾಗಿ ಅರ್ಥವಾಗುತ್ತಿದ್ದುದೇ ದೊಡ್ಡ ತೊಂದರೆ. ಅದಕ್ಕೇ ಕಿವುಡನಾಗುವ ವಿದ್ಯೆಯನ್ನು ಕಲಿತೆ. ಸ್ಟೇಷನ್ ಮಾಸ್ಟರಿಗೆ ಎಂಜಿನ್ನಿನ ಸೀಟಿ ಕೇಳಿಸಬೇಕು, ಫೋನಿನ ಗಂಟೆ ಕೇಳಿಸಬೇಕು, ಮನುಷ್ಯರ ದನಿ ಕೇಳಿಸಬಾರದು. ಈ ವಿದ್ಯೆ ಮುಂದೆ ನನ್ನ ಮಾನ ಹೇಗೆ ಕಳೆಯಿತೆಂದು ಹೇಳುತ್ತೇನೆ, ಸ್ವಲ್ಪ ತಾಳಿ.

ನನ್ನ ಹೆಂಡತಿ ಕಮಲಳ ತವರು ಮಂಡ್ಯ. ಅಲ್ಲಿ ನಡೆದ ಮದುವೆ, ಮುಂಜಿ, ನಾಮಕರಣ ಯಾವುದಕ್ಕೂ ನಾನು ಹೋದವನಲ್ಲ. ಚಿನ್ನದ ಊರಿನಲ್ಲಿರುವ ಅಳಿಯನಿಗೆ ಜಂಬ ಎಂದು ಕೆಲವರು ಆಡಿಕೊಂಡರೆ, ಹಾಗೊಬ್ಬ ಅಳಿಯ ಇರುವುದೇ ಸುಳ್ಳು ಎಂದು ಇನ್ನು ಕೆಲವರು. ಅಷ್ಟರಲ್ಲಿ ಅವಳ ತಂಗಿಯ ಮದುವೆ ಗೊತ್ತಾಯಿತು. ಮಾವನವರು ತೀರಿಕೊಂಡಿದ್ದರು. ಧಾರೆ ಎರೆದು ಕೊಡಲು ದಂಪತಿಗಳು ಬೇಕು. ಹಿರಿಯ ಮಗಳು ಅಳಿಯ ಎರೆಯಬೇಕು, ಇಲ್ಲದಿದ್ದರೆ ಅವಳ ಚಿಕ್ಕಪ್ಪ ಚಿಕ್ಕಮ್ಮ. ಆ ಚಿಕ್ಕಪ್ಪನಿಗೂ ನಮ್ಮ ಅತ್ತೆಯವರಿಗೂ ಗದ್ದೆಯ ಪಾಲಿನ ವಿಷಯಕ್ಕೆ ಮಾತುಕತೆ ನಿಂತು ಎಷ್ಟೋ ಕಾಲವಾಗಿತ್ತು. ‘ಅವನ ಕೈಯಲ್ಲಿ ಧಾರೆ ಎರೆಸುವುದಕ್ಕಿಂತ ಹುಡುಗಿ ಮನೆಯಲ್ಲೇ ಇರಲಿ’ ಎಂದು ಅತ್ತೆ ಕೂತುಬಿಟ್ಟರು.

‘ನೋಡಿ, ಇದುವರೆಗೆ ನೀವು ತಪ್ಪಿಸಿದ್ದೆಲ್ಲ ಊಟ. ಊಟ ತಪ್ಪಿದರೆ ಯಾರೂ ಸಾಯಲ್ಲ’ ಎಂದಳು ಕಮಲ. ‘ಇದು ಹಾಗಲ್ಲ. ಆ ಚಿಕ್ಕಪ್ಪ ಬಂದು ಮಣೆ ಮೇಲೆ ಕೂತರೆ ನನ್ನ ತಾಯಿ ಮುಖ ನಾನು ನೋಡೋ ಹಾಗಿಲ್ಲ.’

ನಾನು ಮೇಲಿನವರ ಕೈಕಾಲು ಹಿಡಿದೆ. ‘ಹೆಂಡತಿಯ ತಂಗಿಯ ಮದುವೆ ತುರ್ತು ಕಾರಣವಾಗುವುದಿಲ್ಲ’ ಎಂದರು ಒಬ್ಬ ಸಾಹೇಬರು. ‘ಸ್ವಂತ ಮದುವೆಯಾದರೆ ನೋಡೋಣ’ ಎಂದು ನಕ್ಕರು ಇನ್ನೊಬ್ಬರು. ಕಮಲಳಿಗೆ ಅದನ್ನು ಹೇಳಲಿಲ್ಲ. ಕೊನೆಗೆ, ಯಾವ ದೇವರು ಕಣ್ಣು ಬಿಟ್ಟನೋ, ರಜ ಮಂಜೂರಾಗಿ, ಹೊರಡುವ ದಿನವೇ ಬದಲಿ ಮಾಸ್ಟರು ಶ್ರೀನಿವಾಸಯ್ಯನವರು ಕೈಚೀಲ ಹಿಡಿದು ಬಂದಿಳಿದರು. ಬಂದವರೇ ಬೀಗ, ಬೀಗದ ಕೈ, ದೀಪ, ಬಾವುಟ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿ ವಹಿಸಿಕೊಂಡರು. ಸಂತೋಷ ತಡೆಯಲಾರದೆ ಕಮಲ ಅವರಿಗಾಗಿ ಮನೆಯಲ್ಲಿ ಉಪ್ಪಿಟ್ಟು ಮಾಡಿಟ್ಟಿದ್ದಳು. ರೈಲಿಗೆ ಇನ್ನೂ ಹೊತ್ತಿತ್ತು. ಅವರು ಸ್ಟೇಷನ್ನಿನ ಹಿಂದೆಯೇ ಇದ್ದ ನಮ್ಮ ಕ್ವಾರ್ಟರ್ಸಿಗೆ ತಿಂಡಿಗೆ ಹೋದರು.

ನಾನು ಜರಿ ಪೇಟ ಸುತ್ತಿ, ಕಪ್ಪು ಕೋಟು ತೊಟ್ಟು, ಪಂಚೆಯ ಅಂಚು ಎತ್ತಿ ಹಿಡಿದು ಪ್ಲಾಟ್‌ಫಾರಮ್ಮಿನ ಮೇಲೆ ಓಡಾಡಿದೆ. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಮುನಿವೆಂಕಟಪ್ಪ ದೂರದಿಂದಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಏನ್ ಸಾಮಿ, ಮದ್ವೆ ಗಂಡು ನೀವೇನಾ?’ ಎಂದ. ಮಾರಿಕುಪ್ಪಂ ಕಡೆಯಿಂದ ರೈಲು ಬಂತು. ಕಮಲ, ಮಕ್ಕಳು, ಟ್ರಂಕು, ಹಾಸಿಗೆ ಸುರುಳಿ ಎಲ್ಲ ಹತ್ತಿದವು. ಕಿಟಕಿ ಪಕ್ಕದ ಜಾಗಕ್ಕೆ ಟವೆಲ್ ಹಾಸಿ, ‘ಬೇಗ ಬನ್ನಿ’ ಎಂದು ಕಮಲ ಕರೆದಳು. ‘ಬಂದೆ’ ಎಂದೆ. ನಿಜವಾಗಿಯೂ ಹೊರಟಿದ್ದೆ.

ಆಗ ಎಂಜಿನ್ನಿನಿಂದ ಡ್ರೈವರು ಕೈ ಚಾಚಿದ. ಮುಂದಿನ ಹಳಿಯ ಮೇಲೆ ಹೋಗಲು ಡ್ರೈವರಿಗೆ ಪರವಾನಗಿಯಾಗಿ ಒಂದು ಟೋಕನ್ ಕೊಡುತ್ತೇವೆ. ಚರ್ಮದ ಚೀಲದಲ್ಲಿಟ್ಟು ದೊಡ್ಡ ಬಳೆಯೊಂದಕ್ಕೆ ಸಿಕ್ಕಿಸಿರುತ್ತದೆ. ಬಂದ ದಾರಿಯದನ್ನು ಇಸಿದುಕೊಂಡು ಹೋಗುವ ದಾರಿಯದನ್ನು ಕೊಡಬೇಕು. ಅವನು ಬಳೆ ಚಾಚಿದ. ನನ್ನ ಕೈ ಹೋಗಿ ಹಿಡಿದುಕೊಂಡಿತು. ನಾನು ಹಿಡಿದೆ ಎಂದು ಹೇಳಲಾರೆ, ಕೈ ಹಿಡಿಯಿತು. ಬಳೆ ತೋಳಿಗೆ ಬಿದ್ದ ಮೇಲೆ ಕಾಲುಗಳು ತಾವಾಗಿಯೇ ಕೋಣೆಗೆ ನಡೆದವು. ಬಂಗಾರಪೇಟೆಯವರನ್ನು ಕೇಳಿದೆ, ಹಳಿ ಖಾಲಿ ಎಂದರು, ಹೊಸ ಟೋಕನ್ ತೆಗೆದೆ, ತಂದು ಡ್ರೈವರಿಗೆ ಕೊಟ್ಟೆ. ಗಂಟೆ ಹೊಡೆಸಿದೆ. ಹಸಿರು ಬಾವುಟ ಬಿಚ್ಚಿ ಹಿಡಿದೆ. ರೈಲು ಹೊರಟಿತು. ಜರಿ ಪೇಟ ಸುತ್ತಿ ರೈಲು ಬಿಟ್ಟ ಸ್ಟೇಷನ್ ಮಾಸ್ಟರು ಆ ಹಳಿಯ ಮೇಲೆ ನಾನೊಬ್ಬನೇ ಇರಬೇಕು.

ಒಂದು ಕಿಟಕಿಯಿಂದ ಯಾರೋ ಹೆಂಗಸು ಅರ್ಧ ಮೈ ಹೊರಗೆ ಹಾಕಿ ಕೈ ಬೀಸಿ ಕೂಗುತ್ತಿದ್ದಳು. ಹೀಗೆ ಕೂಗುವವರನ್ನು ದಿನವೂ ನೋಡುವವನು ನಾನು. ತಲೆ ಒಳಗೆಳೆದುಕೊಳ್ಳಮ್ಮ, ಅಪಾಯ, ಎಂದು ಬಾವುಟದಿಂದಲೇ ಗಟ್ಟಿಯಾಗಿ ಸನ್ನೆ ಮಾಡಿದೆ. ಕೊನೆಯ ಡಬ್ಬಿ ದಾಟುವವರೆಗೂ ನಿಂತು ನೋಡಿದೆ. ಇವತ್ತು ಎಷ್ಟು ಸರಿಯಾದ ಹೊತ್ತಿಗೆ ಬಿಟ್ಟೆ ಎಂದು ಹೆಮ್ಮೆಯೂ ಆಯಿತು.

ಮುನಿವೆಂಕಟಪ್ಪ ಪಾಯಿಂಟ್ಸಿನ ಕಡೆಯಿಂದ ಏದುಸಿರು ಬಿಡುತ್ತಾ ಓಡಿ ಬಂದ. ‘ಸಾಮೀ, ಅಮ್ಮಾವ್ರು ಒಂಟೋದ್ರಲ್ಲಾ! ನೀವ್ಯಾಕ್ ಇಲ್ಲೇ ನಿಂತ್ಕಂಡಿದ್ದೀರಿ?’

ಬೇತಮಂಗಲದ ಕಡೆಯಿಂದ ಸೊಪ್ಪು ತಂದು ಸ್ಟೇಷನ್ನಿನ ಮುಂದೆ ಮಾರುತ್ತಿದ್ದ ಅಕ್ಕಯ್ಯಮ್ಮ ಬುಟ್ಟಿ ಬಿಟ್ಟು ಎದ್ದು ಬಂದು, ‘ಇರ್ಲಿ ಬಿಡಣ್ಣ, ಎಂಡ್ರುನ್ನ ತೌರ್ಗೆ ಕಳ್ಸೋಕೆ ಎಲ್ಲಾ ಗಂಡಸ್ರೂ ಇಂಗೇ ಪೇಟ ಸುತ್ಕಂಡು ಬತ್ತಾರಾ?’ ಎಂದಳು. ಕಿಟಕಿಯಿಂದ ಕೂಗಿದ ಆ ಹೆಂಗಸು ಯಾರೆಂದು ನನಗೆ ಆಗ ಹೊಳೆಯಿತು.

ಉಪ್ಪಿಟ್ಟು ಮುಗಿಸಿ ಬಾಯಿ ಒರೆಸಿಕೊಳ್ಳುತ್ತ ಬಂದ ಶ್ರೀನಿವಾಸಯ್ಯನವರಿಗೆ ನನ್ನ ಮಾನಕ್ಕಿಂತ ನಿಯಮ ದೊಡ್ಡದು. ‘ರೈಲು ಬಿಟ್ಟವರು ಯಾರು? ನೀವು. ಹಾಗಿದ್ದರೆ ಡ್ಯೂಟಿ ಯಾರದು? ನಿಮ್ಮದೇ. ಅದು ಬಂಗಾರಪೇಟೆ ಸೇರಿದ ಸುದ್ದಿ ಬರುವ ತನಕ ನಾನು ವಹಿಸಿಕೊಳ್ಳುವ ಹಾಗಿಲ್ಲ’ ಎಂದು ಕಾಲು ಚಾಚಿ ಕೂತರು. ಸುದ್ದಿ ಬಂದ ಕೂಡಲೇ ನಾನು ಫೋನಿನಲ್ಲಿ ಬಂಗಾರಪೇಟೆಯ ಮಾಸ್ಟರನ್ನು ಅಂಗಲಾಚಿದೆ: ‘ನನ್ನ ಹೆಂಡತಿ ಅಲ್ಲಿ ಬೆಂಗಳೂರಿನ ಗಾಡಿಗೆ ಕಾಯುತ್ತಿರುತ್ತಾಳೆ. ಮುಂದಿನ ರೈಲಿಗೆ ಬರುತ್ತೇನೆ, ಅಲ್ಲೇ ಇರು ಎಂದು ಹೇಳಿ.’ ಅವರು ಹೋಗಿ ಕೇಳಿಕೊಂಡು ಬಂದು, ‘ಹೇಳಿದೆ ಸಾರ್. ಅವರು ಕೊಟ್ಟ ಉತ್ತರವನ್ನು ಇಲಾಖೆಯ ಫೋನಿನಲ್ಲಿ ಹೇಳೋ ಹಾಗಿಲ್ಲ. ಬೆಂಗಳೂರು ಗಾಡಿ ಹತ್ತಿ ಹೋದರು’ ಎಂದರು.

ಮರುದಿನ ನಾನು ಮಂಡ್ಯ ಸೇರಿದಾಗ ಚಪ್ಪರದಲ್ಲಿ ಎಲೆ ಎತ್ತುತ್ತಿದ್ದರು. ಧಾರೆ ಎರೆದ ಚಿಕ್ಕಪ್ಪ ಹೊಸ ಶಲ್ಯ ಹೊದ್ದು, ಗೆದ್ದ ಪೈಲ್ವಾನನ ಹಾಗೆ ಎದೆ ಮುಂದೆ ಮಾಡಿಕೊಂಡು ಓಡಾಡುತ್ತಿದ್ದ. ಅತ್ತೆ ನನ್ನನ್ನು ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಗಂಡಿನ ಕಡೆಯ ಹಿರಿಯರೊಬ್ಬರು ನನ್ನ ಜರಿ ಪೇಟ ನೋಡಿ ಗೌರವದಿಂದ, ‘ತಾವು ಯಾರ ಕಡೆಯವರು?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ತಾಂಬೂಲದ ತಟ್ಟೆ ಹಿಡಿದು ಬಂದಿದ್ದ ಕಮಲ ಹೇಳಿದಳು: ‘ಅವರು ರೈಲ್ವೆ ಕಡೆಯವರು.’ ನನ್ನ ಕೈಗೂ ಒಂದು ತೆಂಗಿನಕಾಯಿ ಕೊಟ್ಟು ಮುಂದೆ ಹೋದಳು.

ಅಂದಿನಿಂದ ಅವಳದೊಂದು ಶಾಸನ. ರೈಲಾಗಲಿ, ಬಸ್ಸಾಗಲಿ, ಜಟಕಾ ಆಗಲಿ, ಮೊದಲು ನಾನು ಹತ್ತಬೇಕು. ನಾನು ಹತ್ತಿ ಕೂತದ್ದನ್ನು ಕಣ್ಣಾರೆ ಕಂಡ ಮೇಲೆ ಅವಳು. ಬೆನ್ನಿಗೆ ಕೈ ಕೊಟ್ಟು ತಳ್ಳುವುದೂ ಉಂಟು. ನೋಡಿದವರು, ‘ಈ ಕಾಲದಲ್ಲೂ ಯಜಮಾನರನ್ನು ಮುಂದಿಟ್ಟುಕೊಂಡು ನಡೆಯುವ ಹೆಣ್ಣುಮಕ್ಕಳಿದ್ದಾರಲ್ಲ’ ಎಂದು ಮೆಚ್ಚಿಕೊಳ್ಳುತ್ತಿದ್ದರು. ನಾನು ಗಂಭೀರವಾಗಿ ತಲೆ ಆಡಿಸುತ್ತಿದ್ದೆ.

ಕೆಲವು ವರ್ಷಗಳ ಮೇಲೆ, ಬೇತಮಂಗಲದ ಕೆರೆ ನೋಡಿ ಬರೋಣ ಎಂದು ಒಂದು ಭಾನುವಾರ ಬಂಗಾರಪೇಟೆಯಲ್ಲಿ ಬಸ್ಸಿಗೆ ನಿಂತಿದ್ದೆವು. ಪದ್ಧತಿಯಂತೆ ಕಮಲ ನನ್ನನ್ನು ಮೊದಲು ಹತ್ತಿಸಿದಳು. ಕಿಟಕಿ ಪಕ್ಕ ಕೂತು ಅವಳಿಗೆ ಟವೆಲ್ ಹಾಸಿ ಜಾಗ ಹಿಡಿದೆ. ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟೇಬಿಟ್ಟಿತು. ಬುತ್ತಿಯ ಡಬ್ಬಿ ಹಿಡಿದ ಕಮಲ ಕೆಳಗೇ ನಿಂತಿದ್ದಳು. ನಾನು ಗಾಬರಿಯಾಗಿ ಅರ್ಧ ಮೈ ಹೊರಗೆ ಹಾಕಿ, ‘ಕಮಲಾ! ಕಮಲಾ!’ ಎಂದು ಕೂಗಿಕೊಂಡೆ. ಅವಳು ಓಡಿ ಬರಲಿಲ್ಲ, ಬಸ್ಸು ನಿಲ್ಲಿಸಿ ಎನ್ನಲೂ ಇಲ್ಲ. ಕೈಯಲ್ಲಿದ್ದ ಕೊಡೆಯನ್ನು ನಿಧಾನವಾಗಿ ಎತ್ತಿ, ತಲೆ ಒಳಗೆಳೆದುಕೊಳ್ಳಿ ಎಂದು ಸನ್ನೆ ಮಾಡಿದಳು.