ಜಾನಮ್ಮನಿಗೆ ಐದು ಗಂಟೆ ಬೆಳಕು

ಕೃಷಿ ಪ್ರದರ್ಶನದ ಕೂಪನ್ನಿಗೆ ಎರಡನೆಯ ಬಹುಮಾನ ಪ್ರೆಷರ್ ಕುಕ್ಕರ್ ಇತ್ತು. ಅದು ಬಂದಿದ್ದರೆ ಕುಪ್ಪುಸಾಮಿ ಸುಖವಾಗಿರುತ್ತಿದ್ದ. ಬಂದದ್ದು ಮೊದಲನೆಯದು: ಬಿಸಿಲಿನಿಂದ ಕರೆಂಟು ಮಾಡುವ ಒಂದು ನೀಲಿ ಹಲಗೆ, ಜೊತೆಗೊಂದು ಟ್ಯೂಬ್‌ಲೈಟು. "ಹಗಲಿನ ಕರೆಂಟು ರಾತ್ರಿಗೆ ಉಳಿಯಬೇಕಾದರೆ ಬ್ಯಾಟರಿ ಬೇಕು. ಅದು ನಿಮ್ಮದು," ಎಂದು ಆಫೀಸರು ಕೈ ಕುಲುಕಿದ್ದರು.

ಕಾರಮಡೈಯಿಂದ ಆಚೆ, ಬಾಳೆತೋಟದ ನಡುವಿನ ಅವನ ಮನೆಯವರೆಗೆ ಕರೆಂಟು ಕಂಬ ಇನ್ನೂ ನಡೆದು ಬಂದಿರಲಿಲ್ಲ. ಕತ್ತಲಲ್ಲಿ ಚೇಳು ಕಚ್ಚಿದ ಮಾರನೆಯ ದಿನವೇ ಹೆಂಡತಿ ಜಾನಮ್ಮ ತುಡಿಯಲೂರಿನ ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ಹಲಗೆ ಸಿಕ್ಕ ಖುಷಿಯಲ್ಲಿ ಕುಪ್ಪುಸಾಮಿ ಬ್ಯಾಟರಿಯನ್ನು ಮರೆತು, "ಮನೆಗೆ ಲೈಟು ಬಂತು" ಎಂದು ಹೇಳಿಕಳಿಸಿಬಿಟ್ಟ. ಉತ್ತರವೂ ಬಂತು: "ಶುಕ್ರವಾರ ಏಳು ಗಂಟೆ ಬಸ್ಸಿಗೆ ಬಂದು ನೋಡ್ತೀನಿ. ಲೈಟಿದ್ರೆ ಇರ್ತೀನಿ. ಇಲ್ಲದಿದ್ರೆ ಅದೇ ಬಸ್ಸು ತಿರುಗಿ ಬರ್ತದಲ್ಲ, ಹತ್ತಿ ಹೋಗ್ತೀನಿ."

ಶುಕ್ರವಾರ ಬೆಳಿಗ್ಗೆ ಅವನು ಬ್ಯಾಟರಿಗಾಗಿ ಕೊಯಮತ್ತೂರಿಗೆ ಹೊರಟ. ಪಕ್ಕದ ತೋಟದ ಪೆರಿಯಸಾಮಿ ಮಾಮ ಕರೆಯದೆಯೇ ಜೊತೆಗೆ ಹೊರಟ. ಟಾರ್ಚಿನ ಸೆಲ್ಲು ಬಿಟ್ಟರೆ ಮಾಮ ಬೇರೆ ಬ್ಯಾಟರಿ ಕೊಂಡವನಲ್ಲ. ಆದರೆ ಸಲಹೆ ಕೊಡಲು ಅದು ಧಾರಾಳವಾಗಿ ಸಾಕಾಗಿತ್ತು.

"ನೂರು ಸೆಲ್ಲು ಸಾಲಾಗಿ ಕಟ್ಟಿದ್ರೆ ಆಗಲ್ವಾ ಅಳಿಯಾ?"

ಅಂಗಡಿಯ ಜಯರಾಮನ್ ಮಗ್ಗ ಬಿಟ್ಟು ಬ್ಯಾಟರಿಗೆ ಬಂದವನು. ಇವರಿಬ್ಬರ ಮಾತು ಕಿವಿಗೆ ಬಿದ್ದದ್ದೇ ತಮಿಳು ಬಿಟ್ಟು ಕನ್ನಡಕ್ಕೆ ತಿರುಗಿದ. ಹೊಸ ಬ್ಯಾಟರಿಯ ಬೆಲೆ ಕೇಳಿ ಕುಪ್ಪುಸಾಮಿ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತ.

"ಹಳೇ ಲಾರೀದು ಕೊಡಪ್ಪಾ," ಎಂದ ಮಾಮ.

"ಲಾರೀದು ಗೂಳಿ ಅಣ್ಣಾ, ಒಂದೇ ಏಟಿಗೆ ಗುದ್ದಿ ಸುಸ್ತಾಗ್ತದೆ. ಇವರಿಗೆ ಬೇಕಾಗಿರೋದು ದಿನವಿಡೀ ಬಾವಿ ಕಪಿಲೆ ಎಳೆಯೋ ಎತ್ತು. ಹಳೇ ಡಬ್ಬಕ್ಕೆ ಹೊಸ ಪ್ಲೇಟು ಹಾಕಿ ಚಾರ್ಜು ಮಾಡಿಟ್ಟದ್ದು ಎರಡಿವೆ, ಚಿಕ್ಕದು, ದೊಡ್ಡದು. ದಿನಾ ಎಷ್ಟು ಗಂಟೆ ಉರಿಬೇಕು, ಹೇಳಿ."

"ಅವ್ವನಿಗೆ ಒಂದು ಗಂಟೆ. ಎಲೆಅಡಿಕೆ ಕುಟ್ಟೋಕೆ."

"ನಿಮಗೆ?"

"ನಾನು ಎಂಟಕ್ಕೆ ಮಲಗ್ತೀನಿ."

"ಮನೆಯವರಿಗೆ?"

ಕುಪ್ಪುಸಾಮಿ ಲೆಕ್ಕ ಹಾಕತೊಡಗಿದ. ಮದುವೆಯಾಗಿ ನಾಲ್ಕು ವರ್ಷ. ತಾನು ಮಲಗಿದ ಮೇಲೆ ಜಾನಮ್ಮ ಎಷ್ಟು ಹೊತ್ತು ಎದ್ದಿರುತ್ತಾಳೆ? ಅವನಿಗೆ ಗೊತ್ತಿರಲಿಲ್ಲ. ನಿದ್ದೆಯ ಅಂಚಿನಲ್ಲಿ ಪಾತ್ರೆಯ ಸದ್ದು, ಸೀಮೆಎಣ್ಣೆಯ ವಾಸನೆ, ಕೊಟ್ಟಿಗೆಯ ಕಡೆ ಹೋಗುವ ಹೆಜ್ಜೆ ಇಷ್ಟೇ ನೆನಪು. ಆ ಚೇಳು ಅವಳನ್ನು ಕಚ್ಚಿದಾಗ ಗಂಟೆ ಎಷ್ಟಾಗಿತ್ತೆಂದು ಕೂಡ ಅವನು ಕೇಳಿರಲಿಲ್ಲ.

"ಐದು ಗಂಟೆ," ಎಂದ. "ದೊಡ್ಡದೇ ಕೊಡಿ."

"ಒಬ್ಬಳಿಗೆ ಐದಾ!" ಎಂದು ಮಾಮ ದಾರಿಯುದ್ದಕ್ಕೂ ಗೊಣಗಿದ.

ಬ್ಯಾಟರಿಯನ್ನು ಬಸ್ಸಿಗೆ ಹತ್ತಿಸಲು ಬಿಡುವುದಿಲ್ಲ ಎಂದು ಗೊತ್ತಿದ್ದ ಮಾಮ ಅದಕ್ಕೆ ಟವೆಲ್ ಸುತ್ತಿ ಕುಪ್ಪುಸಾಮಿಯ ಮಡಿಲಲ್ಲಿ ಇಟ್ಟ. ಕಂಡಕ್ಟರು ಬಗ್ಗಿ ನೋಡಿದ.

"ಕೂಸು. ನಿದ್ದೆ ಮಾಡ್ತಿದೆ," ಎಂದ ಮಾಮ.

ತಿರುವಿನಲ್ಲಿ ಬಸ್ಸು ವಾಲಿತು. ಕುಪ್ಪುಸಾಮಿಯ ತೊಡೆಯ ಮೇಲೆ ಒದ್ದೆ ಹರಡಿತು.

"ಕೂಸು ಉಚ್ಚೆ ಹೊಯ್ದಿದೆ ಅಣ್ಣಾ," ಎಂದ ಕಂಡಕ್ಟರು ಕನಿಕರದಿಂದ.

ಕುಪ್ಪುಸಾಮಿ ಹಲ್ಲು ಕಚ್ಚಿ ನಕ್ಕ. ಕಾರಮಡೈಯಲ್ಲಿ ಇಳಿಯುವಷ್ಟರಲ್ಲಿ ಬ್ಯಾಟರಿಯ ಆಸಿಡ್ ಅವನು ಉಟ್ಟ ವೇಷ್ಟಿಯನ್ನು ತೂತು ತೂತಿನ ಇಡ್ಲಿತಟ್ಟೆ ಮಾಡಿತ್ತು, ಒಳಗಿನ ತೊಡೆಯಲ್ಲಿ ಎರಡು ಇಡ್ಲಿ ಬೇಯುತ್ತಿದ್ದವು. ಹಾದಿಬದಿಯ ನಲ್ಲಿಯ ಕೆಳಗೆ ತೊಡೆಯಿಟ್ಟು ನಿಂತವನನ್ನು ನೋಡಿ ಜನ ದೂರ ಸರಿದು ಹೋದರು.

ಆದರೂ ಆರೂವರೆಗೆ ದೀಪ ಹತ್ತಿತು. ಬಸ್ ನಿಲ್ದಾಣ ಮನೆಯಿಂದ ಕೂಗಳತೆ ದೂರ. ಇಳಿಯುತ್ತಲೇ ಜಾನಮ್ಮನಿಗೆ ಕಾಣಲೆಂದು ಅವನು ಟ್ಯೂಬನ್ನು ಅಂಗಳದ ಬೇವಿನ ಕೊಂಬೆಗೇ ತೂಗುಹಾಕಿದ್ದ. ಸುತ್ತಲ ತೋಟದವರೆಲ್ಲ ನೋಡಲು ಬಂದರು. ಅಷ್ಟು ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿ ಅಭ್ಯಾಸವಿಲ್ಲದ ಗಂಡಸರು ಸಾಲಾಗಿ ಕೂತು ನೆಲ ನೋಡತೊಡಗಿದರು. ಹೆಂಗಸರು ಒಂದು ಕಡೆ ಗುಂಪಾದರು. ಅವ್ವ ಬೆಳ್ಳಿಯಮ್ಮ, "ಇದೇನು ಹಾಳು ಬೆಳಕು, ಕಣ್ಣು ಮುಚ್ಚಿದ್ರೂ ಒಳಗೆ ಬರ್ತದೆ," ಎಂದು ಬೈದು, ಅಂಗಳದ ಹಗ್ಗದ ಮಂಚದ ಮೇಲೆ ಮುಖ ಮುಚ್ಚುವಂತೆ ಬಿಳಿ ಪಂಚೆ ಎಳೆದುಕೊಂಡು ಮಲಗಿದಳು.

ಏಳಕ್ಕೆ ಬಸ್ಸು ಬಂದು, ಜಾನಮ್ಮನನ್ನು ಇಳಿಸಿ ಮುಂದೆ ಹೋಯಿತು. ಕುಪ್ಪುಸಾಮಿ ಹರಿದ ವೇಷ್ಟಿಯನ್ನು ಮರೆಮಾಡಿಕೊಂಡು ನಿಂತ.

ಆ ಸೀಮೆಯ ತೋಟದ ಮನೆಗಳಲ್ಲಿ ಅಂಗಳಕ್ಕೆ ಅಷ್ಟು ದೊಡ್ಡ ಬೆಳಕು ಬಂದು, ಅದರ ಕೆಳಗೆ ಗಂಡಸರು ತಲೆ ತಗ್ಗಿಸಿ ಕೂರುವುದು ಒಂದೇ ಕಾರಣಕ್ಕೆ. ಇದು ಅಲ್ಲಿದ್ದ ಯಾರಿಗೂ ಹೊಳೆದಿರಲಿಲ್ಲ. ದೂರದಿಂದ ನೋಡಿದವಳಿಗೆ ತಕ್ಷಣ ಹೊಳೆಯಿತು.

"ಅಯ್ಯೋ ಅತ್ತೇ!" ಜಾನಮ್ಮ ಎದೆ ಬಡಿದುಕೊಳ್ಳುತ್ತ ಓಡಿಬಂದು ಮಂಚದ ಮೇಲೆ ಬಿದ್ದಳು. "ಚಿನ್ನದಂಥ ಅತ್ತೇ! ಒಂದ್ ದಿನ ನನ್ನ ಬೈಲಿಲ್ವಲ್ಲಾ! ತುಡಿಯಲೂರಿಗೆ ಕರ್ಕೊಂಡ್ ಹೋಗಿ ಕಣ್ಣು ತೋರಿಸ್ಬೇಕು ಅಂತಿದ್ನಲ್ಲಾ! ಫ್ಯಾನ್ ಕೆಳಗೆ ಮಲಗಿಸ್ಬೇಕು ಅಂತಿದ್ನಲ್ಲಾ!"

ಗುಂಪಿನಲ್ಲಿದ್ದ ಇಬ್ಬರು ಹೆಂಗಸರು ಅಭ್ಯಾಸಬಲದಿಂದ ದನಿಗೂಡಿಸಿಯೇಬಿಟ್ಟರು. ಜಾನಮ್ಮ ಉಸಿರೆಳೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿದಾಗ ಪಂಚೆ ಮೆಲ್ಲಗೆ ಸರಿಯಿತು.

"ನಿಲ್ಲಿಸ್ಬೇಡ ಕಣೇ," ಎಂದಳು ಬೆಳ್ಳಿಯಮ್ಮ. "ಚೆನ್ನಾಗೇ ಹೇಳ್ತಿದ್ದೆ."

ಜಾನಮ್ಮ ಕೂತಲ್ಲೇ ಹಿಂದಕ್ಕೆ ಬಿದ್ದಳು. ಅಂಗಳವೆಲ್ಲ ನಗು. ಮುದುಕಿ ಮಾತ್ರ ನಗಲಿಲ್ಲ. ಎದ್ದು ಕೂತು ಸೊಸೆಯ ಕೈ ಹಿಡಿದಳು.

"ಇಷ್ಟು ವರ್ಷದಲ್ಲಿ ನನ್ನನ್ನ ಎಲ್ಲಿಗಾದ್ರೂ ಕರ್ಕೊಂಡ್ ಹೋಗ್ತೀನಿ ಅಂತ ಯಾರೂ ಅಂದಿರಲಿಲ್ಲ. ಈ ನನ್ನ ಮಗನೂ ಅಂದಿಲ್ಲ. ನಡಿ, ಬಸ್ಸು ತಿರುಗಿ ಬರೋ ಹೊತ್ತಾಯ್ತು."

"ಅವ್ವಾ, ಅವಳು ಇಲ್ಲೇ ಇರೋಕೆ ಬಂದಿರೋದು! ಲೈಟ್ ನೋಡು!"

"ನೋಡ್ದೆ. ಇದರ ಕೆಳಗೆ ಮನುಷ್ಯರು ಮಲಗೋಕಾಗಲ್ಲ. ಅಲ್ಲಿ ಫ್ಯಾನಿದೆ."

ಸತ್ತವರ ಮುಂದೆ ಆಡಿದ ಮಾತನ್ನೇ ಹಿಂತೆಗೆಯುವುದು ಕಷ್ಟ. ಸತ್ತವರೇ ಎದ್ದು ಕೂತು ಕೇಳಿದರೆ ಏನು ಮಾಡುವುದು? ಅದೂ ಊರಿನ ಮುಂದೆ. ಜಾನಮ್ಮ ಟ್ಯೂಬನ್ನು ನೋಡಿದಳು, ಗಂಡನ ವೇಷ್ಟಿಯ ತೂತುಗಳನ್ನು ನೋಡಿದಳು. ಕಣ್ಣೊರೆಸಿಕೊಂಡಳು.

"ಲೈಟು ಚೆನ್ನಾಗೇ ಇದೆ," ಎಂದಳು. "ಕಣ್ಣಿಗೆ ಔಷಧಿ ಹಾಕಿಸಿ, ಅತ್ತೆಗೆ ಸಾಕು ಅನ್ನಿಸಿದ ಮೇಲೆ ಬರ್ತೀವಿ."

ಬೆಳ್ಳಿಯಮ್ಮನಿಗೆ ಯಾವುದಾದರೂ ಸಾಕು ಅನ್ನಿಸಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಬಸ್ಸಿನ ಹಾರ್ನ್ ಕೇಳಿಸಿತು. ಅತ್ತೆ ಸೊಸೆ ಕೈ ಹಿಡಿದುಕೊಂಡು ಬಾಳೆಗಳ ನಡುವಿನ ಕಾಲುದಾರಿಗೆ ಇಳಿದರು. ಕುಪ್ಪುಸಾಮಿಗೆ ಆ ಬೆಳಕನ್ನು ನೋಡಲಾಗಲಿಲ್ಲ, ಸ್ವಿಚ್ಚಿಗೆ ಕೈ ಹಾಕಿದ.

"ಇಲ್ನೋಡಿ!" ಜಾನಮ್ಮ ದಾರಿಯಿಂದಲೇ ಕೂಗಿದಳು. "ನಾವು ಬಸ್ಸು ಹತ್ತೋವರೆಗೂ ಆರಿಸ್ಬೇಡಿ. ದಾರೀಲಿ ಚೇಳಿರ್ತದೆ."

ಅವನು ಕೈ ಹಿಂತೆಗೆದುಕೊಂಡ.